ಸಹಿ ಹಾಕುವವನಿಗೆ ಏನೇನು ಗೊತ್ತಿರಬೇಕು?

ಜೂನ್, ಜುಲೈನಲ್ಲಿ ಕಾರವಾರದ ಬೈತಖೋಲ ಬಂದರಿಗೆ ಹೋದರೆ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. 61 ದಿನಗಳ ಮೀನುಗಾರಿಕೆ ನಿಷೇಧ ಎಂದರೆ ಎಂಜಿನ್ ಬಿಚ್ಚುವ ಕಾಲ. ಹೋದ ಮಳೆಗಾಲದಲ್ಲಿ ಅಲ್ಲೊಂದು ಪರ್ಸೀನ್ ಬೋಟಿನ ಚಾವಿಗೆ ಕೆಂಪು ಬಟ್ಟೆಯ ಚೂರನ್ನು ತಂತಿಯಿಂದ ಸುತ್ತಿ ಕಟ್ಟಿದ್ದು ಕಂಡೆ. ಕೇಳಿದ್ದಕ್ಕೆ ಮೇಸ್ತ್ರಿ ಹೇಳಿದ್ದು ಇಷ್ಟೇ: "ಆಯಿಲ್ ಇಳಿಸಿದೇನೆ. ನಾ ಊಟಕ್ಕೆ ಹೋದಾಗ ಯಾರಾದ್ರೂ ಬಂದು ಸ್ಟಾರ್ಟ್ ಮಾಡಿದ್ರೆ ಎಂಜಿನ್ ಹೋಯ್ತು." ಬಟ್ಟೆಯ ಮೇಲೆ ಅಕ್ಷರ ಇರಲಿಲ್ಲ. ಸ್ಟಾರ್ಟ್ ಮಾಡಲು ಬರುವ ಕೈ ಮೊದಲು ಮುಟ್ಟುವ ಜಾಗದಲ್ಲೇ ಅದು ಇತ್ತು, ಓದು ಬಾರದವನಿಗೂ ಅರ್ಥವಾಗುವಂತಿತ್ತು.

ಬೈತಖೋಲದಿಂದ ಗುಡ್ಡ ದಾಟಿದರೆ ಅರ್ಗಾ. 2005ರ ಮೇ 31ರಂದು ಸೇವೆಗೆ ಬಂದ ಐಎನ್ಎಸ್ ಕದಂಬ ನೌಕಾನೆಲೆ ಇರುವುದು ಅಲ್ಲಿ. 44,500 ಟನ್ ತೂಕದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ 2014ರ ಜನವರಿಯಲ್ಲಿ ರಷ್ಯಾದಿಂದ ನೇರವಾಗಿ ಬಂದು ತಲುಪಿದ್ದೂ ಈ ನೆಲೆಗೇ. ಅದರ ಮೇಲೆ ಹಾರುವ ಮಿಗ್-29ಕೆ ವಿಮಾನಗಳ ನೆಲದ ಮನೆ ಗೋವಾದ ದಾಬೋಲಿಯ ಐಎನ್ಎಸ್ ಹಂಸ, ಇಲ್ಲಿಂದ ಸುಮಾರು ನೂರು ಕಿಲೋಮೀಟರು. 2025ರ ಏಪ್ರಿಲ್‌ನಲ್ಲಿ 26 ರಫೇಲ್-ಎಂ ವಿಮಾನಗಳಿಗೆ ಭಾರತ ಸಹಿ ಹಾಕಿದೆ. ಅಂಕೋಲಾದ ಅಲಗೇರಿಯ ಕಡೆ ನೌಕಾ ವಿಮಾನ ನಿಲ್ದಾಣದ ಮಾತು ವರ್ಷಗಳಿಂದ ನಡೆದೇ ಇದೆ. ನಮ್ಮ ಜಿಲ್ಲೆಯಲ್ಲಿ ಆ ಬಗ್ಗೆ ನಡೆಯುವ ಚರ್ಚೆ ಎರಡೇ: ಜಾಗ ಹೋದವರಿಗೆ ಪರಿಹಾರ ಎಷ್ಟು, ನಾವು ಬೆಂಗಳೂರಿಗೆ ವಿಮಾನದಲ್ಲಿ ಹೋಗುವುದು ಯಾವಾಗ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಆ ವಿಮಾನಗಳನ್ನು ಪ್ರತಿ ಸಲ ಹಾರುವ ಮುನ್ನ "ಸರಿ ಇದೆ, ಬಿಡಬಹುದು" ಎಂದು ಬರೆದು ಸಹಿ ಹಾಕುವ ಮೇಲ್ವಿಚಾರಕರು ಇರುತ್ತಾರಲ್ಲ, ಅವರ ಕೆಲಸ ಎಂಥದು ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮೂರಿನ ಹುಡುಗರು ಸೇನೆ ಸೇರಿದರೆ ಹತ್ತು ಹದಿನೈದು ವರ್ಷದಲ್ಲಿ ತಲುಪುವ ಕುರ್ಚಿ ಅದು.

ಸೇನಾ ವಿಮಾನಗಳ ಬಗ್ಗೆ ನಾವು ಪತ್ರಿಕೆಯಲ್ಲಿ ಓದುವುದು ಶೇಕಡಾವಾರು ಲೆಕ್ಕವನ್ನು. ಮಹಾಲೇಖಪಾಲರ 2016ರ ವರದಿ ಮಿಗ್-29ಕೆ ವಿಮಾನಗಳ ಹಾರಾಟ ಸಿದ್ಧತೆ ಶೇ 15.93ರಿಂದ ಶೇ 37.63ರ ನಡುವೆ ಇತ್ತು ಎಂದಿತು. ಅಂದರೆ ಹತ್ತು ವಿಮಾನ ಇದ್ದರೆ ಹಾರಲು ತಯಾರಾಗಿರುವುದು ನಾಲ್ಕಕ್ಕಿಂತ ಕಡಿಮೆ. ಬಂದ 65 ಎಂಜಿನ್‌ಗಳಲ್ಲಿ 40ನ್ನು ವಿನ್ಯಾಸಕ್ಕೆ ಸಂಬಂಧಿಸಿದ ದೋಷಗಳಿಗಾಗಿ ಸೇವೆಯಿಂದ ಹೊರಗಿಡಬೇಕಾಯಿತು ಎಂದೂ ಅದರಲ್ಲಿತ್ತು. ದೆಹಲಿಯಲ್ಲಿ ಕುಳಿತು ಬಿಡಿಭಾಗಗಳಿಗೆ ಹಣ ಮಂಜೂರು ಮಾಡುವವರಿಗೆ ಈ ಲೆಕ್ಕ ಬೇಕೇ ಬೇಕು. ಹ್ಯಾಂಗರಿನಲ್ಲಿ ನಿಂತವನಿಗೆ ಇದರಿಂದ ಏನೂ ಆಗುವುದಿಲ್ಲ. ಶೇ 37 ಎಂಬುದು ಯಾವ ವಿಮಾನದ ಯಾವ ಪೈಪು ಸೋರುತ್ತಿದೆ ಎಂದು ಹೇಳುವುದಿಲ್ಲ. ನನ್ನ ತಕರಾರು ಇರುವುದೂ ಇಲ್ಲೇ. ದುರಸ್ತಿಯ ಕಾಗದಪತ್ರವೆಲ್ಲ ಮೇಲಕ್ಕೆ ವರದಿ ಕಳಿಸುವ ಅನುಕೂಲಕ್ಕೆ ಬೆಳೆಯುತ್ತದೆ. ವಿಮಾನದ ಪಕ್ಕ ನಿಂತವನು ಅದನ್ನು ತುಂಬುತ್ತಾನೆ, ತನಗೆ ಬೇಕಾದ್ದನ್ನು ಬೇರೆಲ್ಲೋ ಹುಡುಕುತ್ತಾನೆ.

ಅವನಿಗೆ ಬೇಕಾದ್ದು ಏನು? ರಾತ್ರಿ ಪಾಳಿಗೆ ಬಂದ ಒಬ್ಬ ಮೇಲ್ವಿಚಾರಕನನ್ನು ಊಹಿಸಿಕೊಳ್ಳಿ. ಎದುರಿಗೆ ನಾಲ್ಕು ವಿಮಾನ, ಬೆಳಿಗ್ಗೆ ಆರಕ್ಕೆ ಎರಡು ಹಾರಬೇಕು. ಒಂದರ ಹೈಡ್ರಾಲಿಕ್ ಪಂಪು ಬಿಚ್ಚಿದೆ. ಪುಸ್ತಕದಲ್ಲಿ "ಪಂಪು ಬದಲಾವಣೆ ಪ್ರಗತಿಯಲ್ಲಿ" ಎಂದಿದೆ. ಪ್ರಗತಿ ಎಲ್ಲಿಗೆ ಬಂದಿದೆ? ಬೋಲ್ಟು ಕೂರಿಸಿದ್ದಾರೋ, ಅಳತೆಯಷ್ಟು ಬಿಗಿದು ಟಾರ್ಕ್ ಕೊಟ್ಟಿದ್ದಾರೋ, ಲಾಕ್ ತಂತಿ ಸುತ್ತಿದ್ದಾರೋ, ಸೋರಿಕೆ ಪರೀಕ್ಷೆ ಬಾಕಿಯೋ? ಹೊಸ ಪಂಪು ಉಗ್ರಾಣದಿಂದ ಬಂದದ್ದೋ ಅಥವಾ ಪಕ್ಕದ ವಿಮಾನದಿಂದ ಕಿತ್ತದ್ದೋ? ಕಿತ್ತದ್ದಾದರೆ ಅದು ಈಗಾಗಲೇ ಎಷ್ಟು ಗಂಟೆ ಓಡಿದೆ, ಕಿತ್ತ ವಿಮಾನದ ಪುಸ್ತಕದಲ್ಲೂ ಅದು ನಮೂದಾಗಿದೆಯೇ? ಈ ಕೆಲಸಕ್ಕೆ ಕೈಪಿಡಿಯ ಹೊಸ ತಿದ್ದುಪಡಿ ಬಂದಿದೆಯೇ? ಇವತ್ತಿನ ಪಾಳಿಯಲ್ಲಿರುವ ಆರು ಜನರಲ್ಲಿ ಈ ಪಂಪನ್ನು ಹಿಂದೆ ಕೂರಿಸಿದವರು ಯಾರು, ಯಾರಿಗೆ ಅದರ ಅಧಿಕಾರಪತ್ರ ಇದೆ, ಯಾರು ನಿನ್ನೆಯೂ ರಾತ್ರಿ ನಿದ್ದೆಗೆಟ್ಟಿದ್ದಾರೆ? ಟೂಲ್ ಬಾಕ್ಸಿನಲ್ಲಿ ಒಂದು ಸ್ಪ್ಯಾನರ್ ಕಡಿಮೆ ಇದ್ದರೆ ಅದು ವಿಮಾನದೊಳಗೇ ಉಳಿಯಿತೋ?

ಕೊನೆಯದಕ್ಕೆ ವಿಮಾನ ದುರಸ್ತಿಯವರು ಕಂಡುಕೊಂಡ ಉಪಾಯ ಬಹಳ ಚೆನ್ನಾಗಿದೆ. ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಇಕ್ಕಳ ಇಲ್ಲದಿದ್ದರೆ ಇಕ್ಕಳದ ನೆರಳು ಖಾಲಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಪಟ್ಟಿ ಓದಬೇಕಿಲ್ಲ, ಎಣಿಸಬೇಕಿಲ್ಲ. ಬೈತಖೋಲದ ಕೆಂಪು ಬಟ್ಟೆಯ ಜಾತಿಯದೇ ಇದು. ವಿಮಾನವಾಹಕ ನೌಕೆಯ ಡೆಕ್ಕಿನ ಮೇಲೆ ಹಾರಾಟಕ್ಕೆ ಮುಂಚೆ ಎಲ್ಲರೂ ಸಾಲಾಗಿ ನಿಂತು, ತಲೆ ಬಗ್ಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾರೆ. ಒಂದು ನಟ್ಟು, ಒಂದು ತುಂಡು ತಂತಿ ಎಂಜಿನ್ ಒಳಗೆ ಹೋದರೆ ಮುಗಿಯಿತು. ನಮ್ಮ ಕಡೆಯವರು ಆ ಸಾಲು ನೋಡಿದರೆ ರಂಪಣಿ ಬಲೆ ಎಳೆಯುತ್ತಿದ್ದಾರೆ ಎಂದುಕೊಂಡಾರು.

ಆದರೆ ಅರ್ಧ ಮುಗಿದ ಕೆಲಸಕ್ಕೆ ನೆರಳಿನ ಹಲಗೆ ಇಲ್ಲ. 1991ರ ಸೆಪ್ಟೆಂಬರ್ 11ರಂದು ಅಮೆರಿಕದ ಟೆಕ್ಸಾಸಿನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574 ಬಿದ್ದದ್ದು ಹಾಗೆ. ಅದು ನಾಗರಿಕ ವಿಮಾನ, ಆದರೆ ಪಾಳಿ ಬದಲಾವಣೆಗೆ ಸಮವಸ್ತ್ರದ ಭೇದವಿಲ್ಲ. ಹಿಂದಿನ ರಾತ್ರಿ ಬಾಲದ ರೆಕ್ಕೆಯ ಮುಂದಿನ ಅಂಚಿನಲ್ಲಿ ಹಿಮ ಕಟ್ಟದಂತೆ ತಡೆಯುವ ರಬ್ಬರ್ ಪಟ್ಟಿ ಬದಲಿಸುವ ಕೆಲಸ ಇತ್ತು. ಎರಡನೇ ಪಾಳಿಯಲ್ಲಿ ಸಹಾಯಕ್ಕೆ ಹತ್ತಿದ ಒಬ್ಬ ತಪಾಸಣೆಗಾರ ಎಡಗಡೆಯ ಮೇಲ್ಭಾಗದ 47 ಸ್ಕ್ರೂ ಬಿಚ್ಚಿದ. ಅಷ್ಟರಲ್ಲಿ ಬಲಗಡೆಯದನ್ನು ಮಾತ್ರ ಈ ರಾತ್ರಿ ಮುಗಿಸುವುದು ಎಂದು ತೀರ್ಮಾನವಾಯಿತು. ಮೂರನೇ ಪಾಳಿಯ ತಪಾಸಣೆಗಾರ ಸ್ವಲ್ಪ ಬೇಗನೇ ಬಂದು ಹಸ್ತಾಂತರದ ಹಾಳೆ ನೋಡಿದ. ಅದರಲ್ಲಿ ಏನೂ ಇರಲಿಲ್ಲ, ಯಾಕೆಂದರೆ ಎರಡನೇ ಪಾಳಿಯವನು ಇನ್ನೂ ಬರೆದಿರಲಿಲ್ಲ. ಅವನು ಆಮೇಲೆ ಬರೆದ. ಬರೆದದ್ದನ್ನು ಓದಬೇಕಾದವನು ಅದಾಗಲೇ ಓದಿಯಾಗಿತ್ತು. ಆ ವಿಮಾನದ ಬಾಲ ಎತ್ತರದಲ್ಲಿ, ಟಿ ಅಕ್ಷರದ ಆಕಾರದಲ್ಲಿ ಇರುತ್ತದೆ. ಮೇಲ್ಭಾಗದಲ್ಲಿ ಸ್ಕ್ರೂ ಇಲ್ಲ ಎಂಬುದು ನೆಲದಿಂದ ಕಾಣುವುದಿಲ್ಲ. ಬೆಳಿಗ್ಗೆ ಒಂದು ಸುತ್ತು ಏನೂ ಆಗದೆ ಹಾರಿತು. ವಾಪಸು ಬರುವಾಗ ಅಂಚು ಕಿತ್ತುಹೋಯಿತು. 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಕೈಗಾ, ಕದ್ರಾದ ವಿದ್ಯುತ್ ಸ್ಥಾವರಗಳಲ್ಲಿ ಪಾಳಿ ಮಾಡುವವರು ಮನೆಯಲ್ಲಿದ್ದರೆ ಅವರನ್ನು ಕೇಳಿ ನೋಡಿ. ಲಾಗ್ ಪುಸ್ತಕ ಬರೆಯುವುದು ಬೇರೆ, ಚಾರ್ಜ್ ಕೊಡುವುದು ಬೇರೆ ಎಂದು ಅವರು ನಿಮಗೆ ವಿವರಿಸಬಲ್ಲರು. ಬರೆದದ್ದರ ಜೊತೆಗೆ ಎದುರುಬದುರು ನಿಂತು ಹತ್ತು ನಿಮಿಷ ಮಾತಾಡಬೇಕು. ಹೋಗುವವನಿಗೆ ಬಸ್ಸಿನ ಅವಸರ, ಬರುವವನಿಗೆ ಕೆಲಸ ಶುರುಮಾಡುವ ಅವಸರ. ಆ ಹತ್ತು ನಿಮಿಷವನ್ನು ವೇಳಾಪಟ್ಟಿಯಲ್ಲೇ ಇಡದಿದ್ದರೆ ಅದು ಎಂದೂ ಸಿಗುವುದಿಲ್ಲ. ಎರಡು ಪಾಳಿಗಳು ಕಾಲು ಗಂಟೆ ಒಂದರ ಮೇಲೊಂದು ಬರುವಂತೆ ಇಡಬೇಕು ಎಂದು ಈ ವಿಷಯ ಬಲ್ಲವರು ಹೇಳುವುದು ಅದಕ್ಕೆ. ಖರ್ಚಿನ ಲೆಕ್ಕದಲ್ಲಿ ಆ ಕಾಲು ಗಂಟೆ ದಂಡದಂತೆ ಕಾಣುತ್ತದೆ, ನಿಜ.

ಭಾಷೆಯ ತೊಡಕು ಇನ್ನೊಂದಿದೆ, ಅದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ಕಂಡಿಲ್ಲವಾದ್ದರಿಂದ ಒಂದೆರಡು ಮಾತು. ನಮ್ಮ ನೌಕಾಪಡೆಯಲ್ಲಿ ಮಿಗ್ ರಷ್ಯಾದ್ದು, ಪಿ-8ಐ ಅಮೆರಿಕದ್ದು, ಡಾರ್ನಿಯರ್ ಮೂಲತಃ ಜರ್ಮನಿಯದು, ಧ್ರುವ ನಮ್ಮ ಎಚ್‌ಎಎಲ್‌ನದು, ಇನ್ನು ಬರುವ ರಫೇಲ್ ಫ್ರಾನ್ಸಿನದು. ಶಿರಸಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ರಷ್ಯನ್ನಿನಿಂದ ಇಂಗ್ಲಿಷಿಗೆ ಬಂದ ವಾಕ್ಯವನ್ನು ಓದಿ, ಹಿಂದಿಯಲ್ಲಿ ಚರ್ಚಿಸಿ, ತಲೆಯೊಳಗೆ ಕನ್ನಡದಲ್ಲಿ ಅರ್ಥ ಮಾಡಿಕೊಂಡು ಬೋಲ್ಟು ತಿರುಗಿಸುತ್ತಾನೆ. ನಮ್ಮದೇ ಮಾತು ತೆಗೆದುಕೊಳ್ಳಿ. "ನೀರು ಬಿಡು" ಎಂದರೆ ಹರಿಸು. "ಗಾಡಿ ಬಿಡು" ಎಂದರೆ ಓಡಿಸು. "ಆ ವಿಷಯ ಬಿಡು" ಎಂದರೆ ಮುಟ್ಟಬೇಡ. ಹಾಗಾದರೆ ಗ್ಯಾರೇಜಿನಲ್ಲಿ "ಆ ನಟ್ಟು ಬಿಡು" ಎಂದರೆ? ಸಡಿಲ ಮಾಡಬೇಕೋ, ಹಾಗೇ ಇರಗೊಡಬೇಕೋ? ಇಂಗ್ಲಿಷಿನಲ್ಲೂ ಇದೇ ಗೋಳು ಇದ್ದುದರಿಂದ 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮದವರು ಕೈಪಿಡಿಗಳಿಗೆಂದೇ ಸರಳ ತಾಂತ್ರಿಕ ಇಂಗ್ಲಿಷ್ ಒಂದನ್ನು ರೂಪಿಸಿದರು. ಒಂದು ಪದಕ್ಕೆ ಒಂದೇ ಅರ್ಥ. "ಫಾಲೋ" ಎಂದರೆ ಹಿಂದೆ ಬರುವುದು ಮಾತ್ರ. ಸೂಚನೆ ಪಾಲಿಸು ಎನ್ನಲು "ಒಬೇ" ಎಂದೇ ಬರೆಯಬೇಕು. ಕವಿಗಳಿಗೆ ಇದು ನರಕ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಓದುವವನಿಗೆ ಬೇರೆ ದಾರಿ ಇಲ್ಲ.

ಇಷ್ಟಾದರೂ ಕೈಪಿಡಿಯಲ್ಲಿ ಇಲ್ಲದ್ದು ಬಹಳ ಇರುತ್ತದೆ. 2008ರ ಫೆಬ್ರವರಿ 23ರಂದು ಗುವಾಮ್ ದ್ವೀಪದ ಆಂಡರ್ಸನ್ ವಾಯುನೆಲೆಯಲ್ಲಿ ಅಮೆರಿಕದ ಬಿ-2 ಬಾಂಬರ್ ಒಂದು ಮೇಲೇರುತ್ತಲೇ ಮೂತಿ ಎತ್ತಿ, ಎಡ ರೆಕ್ಕೆ ನೆಲಕ್ಕೆ ತಾಗಿ ಸುಟ್ಟುಹೋಯಿತು. ಇಬ್ಬರು ಪೈಲಟ್‌ಗಳು ಹಾರಿ ಬಚಾವಾದರು. ವಿಮಾನದ ಬೆಲೆ 1.4 ಶತಕೋಟಿ ಡಾಲರ್. ಕಾರಣ ತೇವ. ಹೊರಗಿನ ಗಾಳಿಯ ಒತ್ತಡ ಅಳೆಯುವ 24 ಸಂವೇದಕಗಳು ಅದರಲ್ಲಿವೆ. ಮೂರರೊಳಗೆ ನೀರಿನ ಪಸೆ ಸೇರಿತ್ತು. ಆ ಸ್ಥಿತಿಯಲ್ಲೇ ಅವನ್ನು ಸರಿಹೊಂದಿಸಿದ್ದರಿಂದ ಕಂಪ್ಯೂಟರಿಗೆ ತಪ್ಪು ವೇಗ, ತಪ್ಪು ಕೋನ ಸಿಕ್ಕಿತು, ವಿಮಾನ ಕೆಳಗೆ ಬಾಗಿದೆ ಎಂದು ತಿಳಿದು ಅದು ಮೂತಿಯನ್ನು ಎತ್ತಿಬಿಟ್ಟಿತು.

ನನ್ನನ್ನು ಕಾಡುವುದು ಇದರ ಮುಂದಿನ ಭಾಗ. 2006ರಲ್ಲೇ, ಗುವಾಮಿನ ಮಳೆಯಲ್ಲಿ, ಕೆಲವು ತಂತ್ರಜ್ಞರು ಉಪಾಯ ಕಂಡುಕೊಂಡಿದ್ದರು: ಸರಿಹೊಂದಿಸುವ ಮೊದಲು ಸಂವೇದಕದ ಹೀಟರ್ ಹಾಕಿದರೆ ತೇವ ಆರುತ್ತದೆ, ಲೆಕ್ಕ ಸರಿ ಬರುತ್ತದೆ. ಬಾಯಿಂದ ಬಾಯಿಗೆ ಅದು ಒಂದಷ್ಟು ಜನಕ್ಕೆ ಗೊತ್ತಾಯಿತು. ಕೈಪಿಡಿಗೆ ಏರಲಿಲ್ಲ. ಎರಡು ವರ್ಷದ ನಂತರ ಅಲ್ಲಿ ಕೆಲಸ ಮಾಡುತ್ತಿದ್ದವರಿಗೆ ಅದು ತಿಳಿದಿರಲಿಲ್ಲ. ಅವರು ಕೈಪಿಡಿಯಲ್ಲಿ ಬರೆದಂತೆಯೇ ಮಾಡಿದ್ದರು. ಹೀಟರ್ ಸ್ವಲ್ಪ ಹೊತ್ತು ಹಾಕುವ ಮಾತು ಅದು. ನಮ್ಮಲ್ಲಿ ಮಳೆಗಾಲ ಶುರುವಾಗುವ ಮುಂಚೆ ಅಜ್ಜಿಯಂದಿರು ಹಪ್ಪಳದ ಡಬ್ಬಿಯನ್ನು ಒಲೆಯ ಹತ್ತಿರ ಸರಿಸಿಡುತ್ತಿದ್ದರಲ್ಲ, ಅಷ್ಟೇ ಸಣ್ಣ ತಿಳಿವಳಿಕೆ. ಸೊಸೆಗೆ ಹೇಳದೆ ಅಜ್ಜಿ ಹೋದರೆ ಹಪ್ಪಳ ಬೂಸ್ಟು ಹಿಡಿಯುತ್ತದೆ, ಇಲ್ಲಿ ವಿಮಾನ ಹೋಯಿತು.

ಈ ಪ್ರಕರಣ ಕಾರವಾರಕ್ಕೆ ದೂರದ ಸುದ್ದಿಯಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಉಳಿದ ದಿನ ಉಪ್ಪುಗಾಳಿ. ಕಿಟಕಿಯ ಸರಳು ಎರಡೇ ವರ್ಷಕ್ಕೆ ಸಿಪ್ಪೆ ಬಿಡುತ್ತದೆ, ಬೈಕಿನ ಚೈನು ಆಗಸ್ಟಿನಲ್ಲಿ ಕೆಂಪಾಗುತ್ತದೆ. ಸಮುದ್ರದ ಮೇಲೆ ಹಾರಿ ಬಂದ ವಿಮಾನವನ್ನು ಸಿಹಿನೀರಿನಲ್ಲಿ ತೊಳೆಯುವುದು, ಎಂಜಿನ್ ಒಳಗೂ ನೀರು ಹಾಯಿಸುವುದು, ತುಕ್ಕು ಹುಡುಕುವುದು ನೌಕಾ ವಿಮಾನಗಳ ನಿತ್ಯಕರ್ಮ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕನೆಕ್ಟರು ಜುಲೈನಲ್ಲಿ ಕೈಕೊಡುತ್ತದೆ ಎಂಬುದು ಮಾಸ್ಕೋದಲ್ಲೋ ಪ್ಯಾರಿಸ್ಸಿನಲ್ಲೋ ಬರೆದ ಪುಸ್ತಕದಲ್ಲಿ ಪೂರ್ತಿ ಇರಲು ಸಾಧ್ಯವಿಲ್ಲ. ಅದು ಇಲ್ಲಿ ಮಳೆ ಕಳೆದವರ ತಲೆಯಲ್ಲಿ ಇರುತ್ತದೆ. ಅದನ್ನು ಪುಸ್ತಕಕ್ಕೆ ಏರಿಸುವ ದಾರಿ ಎಷ್ಟು ಚುರುಕಾಗಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಮೇಲ್ವಿಚಾರಕ ಒಂದು ಅರ್ಜಿ ತುಂಬಿದರೆ ಉತ್ತರ ಬರಲು ವರ್ಷ ಹಿಡಿಯುವುದಾದರೆ ಎರಡನೇ ಅರ್ಜಿಯನ್ನು ಅವನು ತುಂಬುವುದಿಲ್ಲ. ನಾನಾಗಿದ್ದರೂ ತುಂಬುತ್ತಿರಲಿಲ್ಲ.

ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಈಗ ನೌಕಾಪಡೆಯ ನಿವೃತ್ತ ವಿಮಾನ ಟುಪೊಲೆವ್ 142 ನಿಂತಿದೆ. ರಜೆಯ ದಿನ ಅದರ ಪ್ರೊಪೆಲರ್ ಕೆಳಗೆ ಸೆಲ್ಫಿಗೆ ಸಾಲು. ಒಂದೊಂದು ಎಂಜಿನ್ನಿಗೂ ಎದುರುಬದುರು ತಿರುಗುವ ಎರಡೆರಡು ಪ್ರೊಪೆಲರ್, ಒಟ್ಟು ಎಂಟು ಅಲಗು. ಅಂಥ ನಾಲ್ಕು ಎಂಜಿನ್. 1988ರಿಂದ 2017ರ ಮಾರ್ಚ್ 29ರವರೆಗೆ ಈ ಬಗೆಯ ಎಂಟು ವಿಮಾನ ನೌಕಾಪಡೆಯಲ್ಲಿ ಇದ್ದವು, 29 ವರ್ಷದಲ್ಲಿ ಒಂದೂ ಅಪಘಾತವಿಲ್ಲ. ರೆಕ್ಕೆಯ ಕೆಳಗೆ ನಿಂತು ರಿವೆಟ್ಟಿನ ಸಾಲುಗಳನ್ನು ನೋಡುವಾಗ ನನಗೆ ಬಂದ ಯೋಚನೆ ಎಂದರೆ, ಈ ದೈತ್ಯನನ್ನು ಅಷ್ಟು ವರ್ಷ ಕಾಪಾಡಿದ ತಿಳಿವಳಿಕೆಯಲ್ಲಿ ಬರೆದಿಟ್ಟದ್ದು ಎಷ್ಟು, ನಿವೃತ್ತರ ಜೊತೆ ಊರಿಗೆ ಹೋದದ್ದು ಎಷ್ಟು ಎಂದು.

2022ರಲ್ಲಿ ಬಂದ ಅಗ್ನಿಪಥ ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿದೆ. ನಾಲ್ಕು ವರ್ಷದ ಸೇವೆ, ನಂತರ ನಾಲ್ಕರಲ್ಲಿ ಒಬ್ಬರಷ್ಟೇ ಉಳಿಯುತ್ತಾರೆ. ಯೋಜನೆಯ ಸರಿತಪ್ಪಿನ ರಾಜಕೀಯ ಚರ್ಚೆ ಇಲ್ಲಿ ಬೇಡ. ಮೇಲ್ವಿಚಾರಕನ ಕಡೆಯಿಂದ ನೋಡಿದರೆ, ಕೈಕೆಳಗಿನ ಮುಖಗಳು ಮೊದಲಿಗಿಂತ ಬೇಗ ಬದಲಾಗುತ್ತವೆ. ಹದಿನೈದು ವರ್ಷ ಜೊತೆಗಿದ್ದವನ ಬಗ್ಗೆ "ಇವನಿಗೆ ವೈರಿಂಗ್ ಕೊಡಬಹುದು, ಲ್ಯಾಂಡಿಂಗ್ ಗೇರ್ ಬೇಡ" ಎಂದು ಮನಸ್ಸಿನಲ್ಲೇ ಇರುತ್ತಿತ್ತು. ಈಗ ಅದನ್ನೂ ಬರೆದಿಡಬೇಕು.

ಟ್ಯಾಬ್ಲೆಟ್ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕೈಪಿಡಿಯ ಹೊಸ ತಿದ್ದುಪಡಿ ಒಂದೇ ಕ್ಷಣದಲ್ಲಿ ಎಲ್ಲರಿಗೂ ಸಿಗುವುದು, ಬಿಡಿಭಾಗದ ನಂಬರು ಹೊಡೆದರೆ ಅದರ ಜಾತಕ ಬರುವುದು ಸಣ್ಣ ಲಾಭವಲ್ಲ, ಒಪ್ಪುತ್ತೇನೆ. ಆದರೆ ಪರದೆಯ ಮೇಲೆ ಇಪ್ಪತ್ತು ಚೌಕ ತುಂಬದೆ ಮುಂದಿನ ಪುಟ ತೆರೆಯದಂತೆ ಮಾಡಿದರೆ ಜನ ಚೌಕ ತುಂಬುತ್ತಾರೆ, ಅಷ್ಟೇ. ಪಡಿತರ ಅಂಗಡಿಯಿಂದ ಹಿಡಿದು ಅಂಗನವಾಡಿಯವರೆಗೆ ಆ್ಯಪ್ ತುಂಬುವವರ ಪಾಡು ನಾವು ನೋಡಿಲ್ಲವೇ? ಬರೆದವನಿಗೇ ಅದರಿಂದ ಏನಾದರೂ ವಾಪಸು ಸಿಗುತ್ತದೆಯೇ, ನಾಳೆ ಇದೇ ಪಂಪು ಮೂರನೇ ಸಲ ಸೋರಿದಾಗ ಹಿಂದಿನ ಎರಡು ಸಲದ ಕಥೆ ಅವನ ಮುಂದೆ ತಾನಾಗಿ ಬರುತ್ತದೆಯೇ ಎಂದು ಮೊದಲು ಕೇಳಬೇಕು.

ಬರೆಯುವುದರ ಜೊತೆ ಬಾಯಿಬಿಟ್ಟು ಹೇಳುವ ಧೈರ್ಯವೂ ಬೇಕು. 1990ರ ಜೂನ್‌ನಲ್ಲಿ ಬ್ರಿಟಿಷ್ ಏರ್‌ವೇಸಿನ ವಿಮಾನವೊಂದರ ಮುಂಗಾಜು ಆಕಾಶದಲ್ಲಿ ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಗೆ ಜೋತಾಡಿದ ಘಟನೆ ಅನೇಕರಿಗೆ ಗೊತ್ತು, ಅವರು ಬದುಕಿದರು. ಗಾಜು ಕೂರಿಸಿದ್ದು ಪಾಳಿಯ ಮೇಲ್ವಿಚಾರಕನೇ, ಅಂದು ಆಳು ಕಡಿಮೆ ಇದ್ದುದರಿಂದ. ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ಕಣ್ಣಳತೆಯಿಂದ ಹೊಸದನ್ನು ಆರಿಸಿದ. 90 ಬೋಲ್ಟುಗಳಲ್ಲಿ 84 ದಪ್ಪದಲ್ಲಿ ಕಡಿಮೆ. ಆ ಗಾಜಿಗೆ ಹಾಕುವುದು ಬೇರೆ ಅಳತೆಯದು ಎಂದು ಉಗ್ರಾಣದವನು ಹೇಳಿದ್ದ. ಹೇಳಿದ, ಒತ್ತಾಯಿಸಲಿಲ್ಲ. ಮೇಲ್ವಿಚಾರಕನಿಗೆ ಉಗ್ರಾಣದವನು ಎಷ್ಟು ಸಲ ಹೇಳಬಹುದು? ಸಮವಸ್ತ್ರದ ಹ್ಯಾಂಗರಿನಲ್ಲಿ, ತೋಳಿನ ಪಟ್ಟಿ ಎಣಿಸಿ ಮಾತಾಡುವಲ್ಲಿ, ಕಿರಿಯನೊಬ್ಬ "ಸಾರ್, ನಾನು ಟಾರ್ಚು ಒಳಗೇ ಬಿಟ್ಟಿರಬೇಕು" ಎಂದು ತಾನಾಗಿ ಬಂದು ಹೇಳಿದರೆ ಅವನಿಗೆ ಶಿಕ್ಷೆಯೋ ಶಹಬ್ಬಾಸೋ ಎಂಬುದು ಇಡೀ ಹ್ಯಾಂಗರಿಗೆ ಸಂಜೆಯೊಳಗೆ ಗೊತ್ತಾಗುತ್ತದೆ. ಮುಂದೆ ಏನೇನು ಕಿವಿಗೆ ಬೀಳುತ್ತದೆ ಎಂಬುದು ಅಲ್ಲೇ ನಿರ್ಧಾರವಾಗುತ್ತದೆ.

ಶಿರಸಿ ಕಡೆಯ ನನ್ನ ಭಾವ ಇಪ್ಪತ್ತು ವರ್ಷ ಸೇನಾ ವಿಮಾನಗಳ ದುರಸ್ತಿ ಮಾಡಿದವರು, ಕೊನೆಯ ಕೆಲವು ವರ್ಷ ಸಹಿ ಹಾಕುವ ಕುರ್ಚಿಯಲ್ಲಿದ್ದರು. ಎಲ್ಲಿ, ಯಾವ ವಿಮಾನ ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಈಗ ಅಡಿಕೆ ತೋಟ, ಎರಡು ಆಕಳು. ಹೋದ ತಿಂಗಳು ಅಂಗಳದಲ್ಲಿ ಕವಳ ಹಾಕುತ್ತ ಕೂತಾಗ ಮಾತು ಇತ್ತ ಹೊರಳಿತು. ಅಂಗಿಯ ಜೇಬಿನಲ್ಲಿ ಅವರದೊಂದು ಚಿಕ್ಕ ಡೈರಿ ಇರುತ್ತಿತ್ತಂತೆ. ಯಾವ ವಿಮಾನದ ಯಾವ ಬಾಗಿಲು ಬಿಸಿಲಿಗೆ ಬಿಗಿಯಾಗುತ್ತದೆ, ಯಾವ ಮೀಟರು ಮೊದಲ ಸಲ ಸುಳ್ಳು ಹೇಳಿ ಎರಡನೇ ಸಲ ನಿಜ ಹೇಳುತ್ತದೆ, ಯಾವ ಹುಡುಗನ ಕೈ ಸಣ್ಣದು, ಪಂಪಿನ ಹಿಂದೆ ಹೋಗುತ್ತದೆ. ಸರಕಾರಿ ಪುಸ್ತಕದಲ್ಲಿ ಇವಕ್ಕೆಲ್ಲ ಅಂಕಣ ಇರಲಿಲ್ಲ. ನಿವೃತ್ತಿಯ ದಿನ ಆ ಡೈರಿ ಏನಾಯಿತು ಎಂದು ಕೇಳಿದೆ.

"ಹೊರಗೆ ತರೋ ಹಾಗಿಲ್ಲ ಭಾವಾ. ಬದಲಿಗೆ ಬರಬೇಕಾದವ ಇನ್ನೂ ಬಂದಿರಲಿಲ್ಲ," ಎಂದರು. "ಹರಿದು ಹಾಕಿ ಬಂದೆ."